ಕ್ಲಚ್ಚಿಲ್ಲದ ಕಾರಿಗೆ ನಾನು ಮಾಡಿದ ಮದ್ದು

ಕಾಪುವಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಕೈಯಲ್ಲಿ ವಿದ್ಯೆ ಇದ್ದುದರಿಂದಲ್ಲ. ಮಣಿಪಾಲಕ್ಕೆ ಇಂಜಿನಿಯರಿಂಗ್ ಓದಲು ಹೋಗಿ, ಗಣಿತಕ್ಕೂ ನನಗೂ ಮಾತು ಬಿಟ್ಟುಹೋಗಿ, ಅರ್ಧದಲ್ಲೇ ಊರಿಗೆ ಬಂದವನು ನಾನು. ಆದರೂ ನಮ್ಮ ಮೇಸ್ತ್ರಿ ಬಂದವರಿಗೆಲ್ಲ ನನ್ನನ್ನು ತೋರಿಸಿ "ಇವನು ಇಂಜಿನಿಯರ್" ಎನ್ನುತ್ತಿದ್ದರು. ಅರ್ಧ ಬೆಂದದ್ದನ್ನೂ ಅನ್ನ ಎಂದೇ ಕರೆಯುತ್ತೇವಲ್ಲ, ಹಾಗೆ.

ಕಾಕನ ಕಾರು ಬಂದದ್ದು ಆಗಲೇ. ಕಾಕ ನನಗೇನೂ ಸಂಬಂಧಿಕರಲ್ಲ. ಕಡಲ ಬದಿಯ ಬ್ಯಾರಿ ಮನೆಯವರು, ಊರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿತ್ತು. ಗಲ್ಫಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಅವರ ಎಡಗಾಲು ಮರಗಟ್ಟಿಹೋಗಿತ್ತು. ರಿಕ್ಷಾ ಹತ್ತಬೇಕಾದರೆ ಯಾರಾದರೂ ಆ ಕಾಲನ್ನು ಎತ್ತಿ ಒಳಗಿಡಬೇಕು. ಬಸ್ಸಂತೂ ದೂರದ ಮಾತು. ಊರಿಗೆ ಬಂದ ಮೇಲೆ ಬಹಳ ಕಾಲ ಜಗಲಿಯಲ್ಲೇ ಕೂತಿದ್ದವರು, ಬೊಂಬಾಯಿಯಲ್ಲಿ ಯಾರೋ ವಿದೇಶದವರು ಬಿಟ್ಟುಹೋದ ಒಂದು ಹಳೆಯ, ದೋಣಿಯಷ್ಟು ಉದ್ದದ ಕಾರನ್ನು ತರಿಸಿದರು. ಅದರಲ್ಲಿ ಕ್ಲಚ್ ಇರಲಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು. ಎಡಗಾಲಿಗೆ ಏನೂ ಕೆಲಸವಿಲ್ಲ. ಅಂದಿನಿಂದ ಕಾಕ ಶುಕ್ರವಾರ ಮಸೀದಿಗೆ, ಸಂಜೆ ದೀಪಸ್ತಂಭದ ಹತ್ತಿರ ಗಾಳಿಗೆ, ಮನಸ್ಸಾದರೆ ಉಡುಪಿಗೆ, ಒಬ್ಬರೇ ಹೋಗಿ ಬರುತ್ತಿದ್ದರು.

"ಎರಡನೇ ಗೇರು ಬೀಳುದಕ್ಕೆ ತಡ ಆಗ್ತದೆ, ಮಗಾ" ಎಂದರು ಕಾಕ. "ಮೊದಲನೆಯದರಲ್ಲೇ ಅರಚ್ತಾ ಹೋಗ್ತದೆ. ಮತ್ತೆ ಒಮ್ಮೆಲೇ ದಡ್ ಅಂತ ಬೀಳ್ತದೆ. ಇದೊಂದು ಸರಿ ಮಾಡಿಕೊಡು. ಇದು ನಿಂತರೆ ನಾನೂ ನಿಂತ ಹಾಗೆ."

ಮೇಸ್ತ್ರಿ ಕಾರಿನ ಅಡಿಗೆ ನುಗ್ಗಿ ನೋಡಿ, ಹೊರಬಂದು, ಮುಖ ಒರೆಸಿಕೊಂಡರು. "ಕ್ಲಚ್ಚೇ ಇಲ್ಲದ ಮೇಲೆ ನಾನು ಎಂತ ನೋಡುದು? ಇದು ಇಂಗ್ಲಿಷ್ ಓದಿದವರ ಕೇಸು. ನೀನು ನೋಡು."

ನಾನು ಡಾಕ್ಟರರ ಗತ್ತಿನಲ್ಲಿ ಬಾನೆಟ್ ಎತ್ತಿದೆ. ಗೇರ್ ಎಣ್ಣೆ ಅಳೆಯುವ ಕಡ್ಡಿ ಸಿಕ್ಕಿತು. ಅಂಬಾಸಿಡರಿನ ಇಂಜಿನ್ ಎಣ್ಣೆಯನ್ನು ನಾವು ಹೇಗೆ ನೋಡುತ್ತಿದ್ದೆವು? ಬೆಳಿಗ್ಗೆ, ಇಂಜಿನ್ ಬಂದ್ ಇದ್ದಾಗ, ತಣ್ಣಗಿದ್ದಾಗ. ಇದನ್ನೂ ಹಾಗೆಯೇ ನೋಡಿದೆ. ಎಣ್ಣೆ ಗೆರೆಗಿಂತ ಎಷ್ಟೋ ಮೇಲಿತ್ತು.

"ಸಿಕ್ಕಿತು ಕಾಕ! ಎಣ್ಣೆ ಜಾಸ್ತಿ ಉಂಟು. ಹೊಟ್ಟೆ ತುಂಬ ಉಂಡವನಿಗೆ ಓಡ್ಲಿಕ್ಕೆ ಆಗ್ತದಾ?"

ಕಾಕ ನಕ್ಕರು. ಮೇಸ್ತ್ರಿ ನಕ್ಕರು. ನಾನು ಒಂದು ಡಬ್ಬಿ ತುಂಬ ಕೆಂಪು ಎಣ್ಣೆ ಇಳಿಸಿ, ಅದನ್ನು ಗ್ಯಾರೇಜಿನ ಕಿರುಗುಟ್ಟುವ ಶಟರಿನ ಹಳಿಗೆ ಹಚ್ಚಿದೆ. ನನ್ನ ಚಿಕಿತ್ಸೆಯಿಂದ ಗುಣವಾದದ್ದು ಆ ಶಟರು ಮಾತ್ರ.

ಮದ್ದು ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಏರು ರಸ್ತೆ ಬೇಕು, ಕಾಪುವಿನಲ್ಲಿ ಎಲ್ಲವೂ ಸಪಾಟು. ಹಾಗಾಗಿ ಕಾಕ ಸ್ಟೀರಿಂಗ್ ಹಿಡಿದು, ನಾನು ಪಕ್ಕದಲ್ಲಿ ಕೂತು, ಶಿರ್ವದ ದಾರಿಯಾಗಿ ಕಾರ್ಕಳಕ್ಕೆ ಹೊರಟೆವು. ಶಿರ್ವ ದಾಟುವಾಗಲೇ ಇಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ಅದು ತನಗೆ ಹೇಳಿದ್ದಲ್ಲ ಎಂಬಂತೆ ನಿಧಾನವಾಗಿ ಸಾಗುತ್ತಿತ್ತು. "ಹೊಸ ಮದ್ದು, ಒಗ್ಗಬೇಕಲ್ವಾ" ಎಂದೆ ನಾನು. ಕಾರ್ಕಳ ಹತ್ತಿರವಾಗುವ ಒಂದು ಏರಿನಲ್ಲಿ ಕಾರು ಪೂರ್ತಿ ನಿಂತಿತು. ಕಾಕ ಆಕ್ಸಿಲರೇಟರ್ ಒತ್ತಿದಷ್ಟೂ ಗರ್ಜನೆ. ಚಕ್ರ ಮಾತ್ರ ಅಲುಗಲಿಲ್ಲ. ಹಿಂದೆ ಸಿಕ್ಕಿಕೊಂಡ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ ಕೇಳಿದ: "ಎಂತ ಮಾರಾಯ್ರೇ, ಇಲ್ಲೇ ಮನೆ ಕಟ್ತೀರಾ?"

ನಮ್ಮ ಕಡೆ ಕಾರು ನಿಂತರೆ ಎರಡೇ ದಾರಿ. ಒಂದು, ನಾಲ್ಕು ಜನ ತಳ್ಳುವುದು. ಇನ್ನೊಂದು, ಹಗ್ಗ ಕಟ್ಟಿ ಎಳೆಸುವುದು. ಇದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಬಸ್ಸಿನಿಂದ ಇಳಿದವರು ತಳ್ಳಿದರು. ಈ ಕಾರು ತಳ್ಳಿದರೆ ಸ್ಟಾರ್ಟ್ ಆಗುವ ಜಾತಿಯದಲ್ಲ, ಅದರ ಇಂಜಿನ್ ಮೊದಲೇ ಸ್ಟಾರ್ಟ್ ಆಗಿಯೇ ಇದೆ ಎಂಬುದು ಎಲ್ಲರೂ ಬೆವರಿದ ಮೇಲೆ ಹೊಳೆಯಿತು. ಆಮೇಲೆ ಮೀನು ಇಳಿಸಿ ಕಾಪುವಿಗೆ ಖಾಲಿ ಹೊರಟಿದ್ದ ಒಂದು ಲಾರಿ ಸಿಕ್ಕಿತು. ನಾನು ಇಂಜಿನ್ ಬಂದ್ ಮಾಡಿಸಿ, ಲಿವರನ್ನು ನ್ಯೂಟ್ರಲ್ಲಿಗೆ ಹಾಕಿಸಿ, ನನ್ನ ಕೈಯಾರೆ ಹಗ್ಗ ಬಿಗಿದೆ. ಆ ಗಂಟು ಮಾತ್ರ ಬಹಳ ಚೆನ್ನಾಗಿ ಬಿದ್ದಿತ್ತು.

ಲಾರಿಯವನು ಹೊಸ ಮದುಮಗನ ಅವಸರದಲ್ಲಿ ಓಡಿಸಿದ. ಅರ್ಧ ದಾರಿಯಲ್ಲಿ ಏನೋ ಸುಟ್ಟ ವಾಸನೆ.

"ಎಂತದು ಅದು?" ಎಂದರು ಕಾಕ.

"ಯಾರೋ ಗೇರುಬೀಜ ಸುಡ್ತಾ ಇದ್ದಾರೆ, ಕಾಕ."

"ಈ ಮಳೆಗಾಲದಲ್ಲಾ?"

"ಕಳೆದ ವರ್ಷದ್ದು ಇರಬಹುದು."

ಕಾಪು ತಲುಪಿದಾಗಲೂ ಗೇರುಬೀಜದ ವಾಸನೆ ನಮ್ಮ ಜೊತೆಗೇ ಬಂದಿತ್ತು. ಕಡ್ಡಿ ಎಳೆದು ನೋಡಿದರೆ ಕೆಂಪಗಿದ್ದ ಎಣ್ಣೆ ಕಪ್ಪು ಕಷಾಯವಾಗಿತ್ತು.

ಮರುದಿನ ಅದನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು, ಮೂತ್ರಪರೀಕ್ಷೆಗೆ ಹೋಗುವವನಂತೆ ಮಣಿಪಾಲದ ಬಸ್ಸು ಹತ್ತಿದೆ. ನನಗೆ ಹಿಂದೆ ಪಾಠ ಹೇಳಿದ್ದ ಮೇಷ್ಟ್ರು ಬಾಟಲಿ ಮೂಸಿ ಮುಖ ಸಿಂಡರಿಸಿದರು. "ಎಣ್ಣೆ ಹೇಗೆ ನೋಡಿದೆ?" ಹೇಳಿದೆ. "ನಿಂತ ಕಾರನ್ನು ಹೇಗೆ ತಂದೆ?" ಅದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಇಂಥ ಕಾರಿನ ಎಣ್ಣೆಯನ್ನು ಇಂಜಿನ್ ಓಡುತ್ತಿರುವಾಗ, ಬಿಸಿಯಾದ ಮೇಲೆ ನೋಡಬೇಕಂತೆ. ಬಂದ್ ಮಾಡಿದಾಗ ಎಣ್ಣೆಯೆಲ್ಲ ಇಳಿದು ತಳದಲ್ಲಿ ಸೇರಿ ಜಾಸ್ತಿಯೇ ಕಾಣುತ್ತದಂತೆ; ನಾನು ಇಳಿಸಿದ್ದು ಬೇಕಾದ ಎಣ್ಣೆಯನ್ನೇ. ಗೇರ್‌ಬಾಕ್ಸಿಗೆ ಎಣ್ಣೆ ಉಣಿಸುವ ಪಂಪು ಇಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ; ಕಾರ್ಕಳದಿಂದ ಕಾಪುವಿನ ತನಕ ಚಕ್ರದ ಜೊತೆ ತಿರುಗಿದ, ಗೇರು ಹಿಡಿಯುವ ಬಿಲ್ಲೆಗಳು ಎಣ್ಣೆಯಿಲ್ಲದೆ ಉಜ್ಜಿಕೊಂಡು ಸುಟ್ಟಿವೆ. ಆ ಬಿಲ್ಲೆ ಇಲ್ಲಿ ಸಿಗುವುದಿಲ್ಲ, ಬೊಂಬಾಯಿಯಲ್ಲೂ ಅನುಮಾನ.

"ಹಾಗಾದ್ರೆ ಮೊದಲು ಇದ್ದ ತೊಂದರೆ ಎಂತದು, ಸರ್? ಎರಡನೇ ಗೇರು ತಡವಾಗಿ ಬೀಳ್ತಿತ್ತಲ್ಲ?"

"ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗ್ತದೆ. ಅದನ್ನು ಸ್ವಲ್ಪ ಸಡಿಲ ಮಾಡಿದ್ರೆ ಸಾಕಿತ್ತೇನೋ" ಎಂದರು ಮೇಷ್ಟ್ರು. "ಒಂದು ಸ್ಪ್ಯಾನರಿನ ಕೆಲಸ."

ಇದನ್ನು ಕಾಕನಿಗೆ ತಮಾಷೆಯಾಗಿ ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಉಡುಪಿ ದಾಟಿ ಕಾಪುವಿನ ತನಕ ಯೋಚಿಸಿದೆ. ಹೊಳೆಯಲಿಲ್ಲ. ಇದ್ದ ಹಾಗೆಯೇ ಹೇಳಿದೆ. ಕಾಕ ಬೈಯಲಿಲ್ಲ. ಅವರು ಕೇಳಿದ್ದು ಇಷ್ಟೇ: "ಯಾವ ಗೇರೂ ಇಲ್ವಾ?"

"ಮುಂದೆ ಹೋಗ್ಲಿಕ್ಕೆ ಯಾವುದೂ ಇಲ್ಲ. ರಿವರ್ಸ್ ಒಂದು ಉಂಟು."

"ರಿವರ್ಸ್ ಉಂಟಲ್ಲ!"

ಆ ಶುಕ್ರವಾರ ಕಾಕ ರಿವರ್ಸಿನಲ್ಲೇ ಮಸೀದಿಗೆ ಹೊರಟರು. ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಒಂದು ಕೈ ಸೀಟಿನ ಬೆನ್ನಿಗೆ ಕೊಟ್ಟು, ಕಡಲ ಬದಿಯ ಇಕ್ಕಟ್ಟಿನ ದಾರಿಯಲ್ಲಿ. ಕಾರಿನ ಡಿಕ್ಕಿಯ ಮುಂದೆ ನಾನು ಕೋಳಿ, ಮಕ್ಕಳು, ಸೈಕಲ್ಲುಗಳನ್ನು ಓಡಿಸುತ್ತ ನಡೆದೆ. ಬಲೆ ಹೊಲಿಯುತ್ತಿದ್ದವರು ಸೂಜಿ ಬಿಟ್ಟು ನಕ್ಕರು. "ಕಾಕ, ಮೆಕ್ಕಾ ಆಚೆ ಕಡೆ ಉಂಟು!" ಎಂದು ಒಬ್ಬ ಕೂಗಿದ. ಕಾಕನೂ ನಕ್ಕು ಹಾರ್ನ್ ಹೊಡೆದರು.

ಮಸೀದಿ ಕಾಣಿಸುವಷ್ಟು ಹತ್ತಿರದಲ್ಲಿ ಇಂಜಿನ್ ಮತ್ತೆ ಗರ್ಜಿಸಿತು, ಕಾರು ನಿಂತಿತು. ಕಾಕ ಲಿವರನ್ನು ಮೇಲೆ ಕೆಳಗೆ ಎಲ್ಲ ಜಾಗಕ್ಕೂ ಹಾಕಿ ನೋಡಿದರು. ಬಾಂಗು ಮುಗಿಯಿತು. ಜನ ಕಾರಿನ ಎರಡೂ ಬದಿಯಿಂದ ಸರಿದು ಒಳಗೆ ಹೋದರು.

ಕಾಕ ಇಂಜಿನ್ ಬಂದ್ ಮಾಡಿ, ಕಿಟಕಿಯಿಂದ ನನ್ನನ್ನು ಕರೆದರು. "ಒಂದು ರಿಕ್ಷಾ ತಾ, ಮಗಾ."

ತಂದೆ. ಅವರ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟೆ; ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ರಿಕ್ಷಾದವನು ಮೀಟರಿನ ಕಡೆ ಕೈ ಚಾಚಿ, "ಎಲ್ಲಿಗೆ ಕಾಕ?" ಎಂದ.

ಕಾರಿನಲ್ಲಿ ಹೋಗುವಾಗ ಅವರನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಕಾಕ ಮಸೀದಿಯ ಕಡೆ ನೋಡಿದರು, ದೀಪಸ್ತಂಭದ ಕಡೆ ನೋಡಿದರು.

"ಮನೆಗೇ" ಎಂದರು.