ಗೇರು ಇಳಿಸದ ಮಾವ

ನಮ್ಮ ಮನೆಯ ಮುಂದಿನ ರಸ್ತೆ ಸ್ವಲ್ಪ ಏರು. ಇಂದು ಬೆಳಿಗ್ಗೆ ಯಾರೋ ಪುಣ್ಯಾತ್ಮ ದೊಡ್ಡ ಗೇರಿನಲ್ಲೇ ಮೋಟರ್ ಸೈಕಲ್ ಹತ್ತಿಸುತ್ತಿದ್ದ. ಇಂಜಿನ್ನು ನಡುಗಿ, ಕೆಮ್ಮಿ, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಕಟಕ ಎನ್ನುತ್ತಿತ್ತು. ನೀವೂ ಈ ಸದ್ದು ಕೇಳಿರುತ್ತೀರಿ. ನನಗೆ ಮಾತ್ರ ಅದು ಶಹಾಬಾದಿನ ನಮ್ಮ ಸೋದರಮಾವನ ದನಿಯಂತೆಯೇ ಕೇಳಿಸುತ್ತದೆ.

ಮಾವ ವಕೀಲರು. ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಕೋರ್ಟುಗಳಲ್ಲಿ ಉರ್ದು ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. ಆಗ ಅವರು ಊರು ಬಿಟ್ಟು ಹೊರಟ ಇಂಜಿನಿಯರೊಬ್ಬನಿಂದ ಸಣ್ಣ ಮೋಟರ್ ಸೈಕಲ್ ಕೊಂಡರು. ಆತ ಹೇಳಿದ್ದು ಇಷ್ಟೇ: ಏರು ಬಂದಾಗ ಗೇರು ಇಳಿಸಿ, ಇಂಜಿನ್ನು ಜೋರಾಗಿ ತಿರುಗಲು ಬಿಡಿ, ಸಪಾಟು ದಾರಿಯಲ್ಲಿ ಮತ್ತೆ ಏರಿಸಿ. ಮಾವನಿಗೆ ಇದು ಹಿಡಿಸಲಿಲ್ಲ. ಜೋರಾಗಿ ತಿರುಗಿದರೆ ಇಂಜಿನ್ನು ಕೂಗುತ್ತದೆ. ಕೂಗುವುದು ಕಕ್ಷಿದಾರರ ಕೆಲಸ ಎಂದು ಅವರ ನಂಬಿಕೆ. ಶಹಾಬಾದು ಬಿಟ್ಟೊಡನೆ ದೊಡ್ಡ ಗೇರಿಗೆ ಹಾಕಿದರೆ ಮುಗಿಯಿತು, ವಾಡಿ ದಾಟಿದರೂ ಅದೇ ಗೇರು. ಹೊಸದಾಗಿ ವಕೀಲಿ ಕಲಿಯುತ್ತಿದ್ದ ನಾನು ಹಿಂದೆ ಕೂತು, ಕಾಗದದ ಗಂಟು ತಬ್ಬಿಕೊಂಡು, ಹಲ್ಲು ಕಟಕಟಿಸುತ್ತ ಹೋಗುತ್ತಿದ್ದೆ.

"ಮಾಮಾ, ಗೇರ್ ಇಳಸ್ರಿ. ಇಂಜಿನ್ ಬಡಕೊಳ್ಳಾಕತ್ತದ."

"ಇಳಿಯೋ ಮಾತು ನಮ್ಮ ಮನಿತನದಾಗ ಇಲ್ಲ. ಸುಮ್ನ ಕುಂದ್ರು."

ಗುಂಡಗುರ್ತಿಯ ನೀಲಮ್ಮ ಮಾವನ ಬಳಿ ಬಂದದ್ದು ಆ ದಿನಗಳಲ್ಲಿ. ಗಂಡ ತೀರಿಕೊಂಡ ಮೇಲೆ, ಆಕೆಯ ಹೊಲ ತಾನೇ ಉಳುತ್ತ ಬಂದದ್ದು, ತನ್ನದೇ ಎಂದು ಗಂಡನ ಅಣ್ಣ ದಾವೆ ಹೂಡಿದ್ದ. ಚಿತ್ತಾಪುರದ ಕೋರ್ಟಿನಲ್ಲಿ ಕೊನೆಯ ವಿಚಾರಣೆಯ ದಿನ ಬೆಳಿಗ್ಗೆ ಮಾವ ಮತ್ತು ನಾನು ಹೊಲ ನೋಡಲು ಹೋದೆವು. ನೋಡುವುದೆಂದರೆ, ಬೂಟಿಗೆ ಎರೆಮಣ್ಣು ಹತ್ತೀತೆಂದು ಮಾವ ದಾರಿಯಲ್ಲೇ ನಿಂತು ತಲೆಯಾಡಿಸಿದರು. ನೀಲಮ್ಮ ಎತ್ತಿನ ಬಂಡಿಯಲ್ಲಿ ಕೋರ್ಟಿಗೆ ಮೊದಲೇ ಹೊರಟಳು. ನಾವು ಆಮೇಲೆ ಹೊರಟು, ಹಾರ್ನು ಹೊಡೆದು ಎತ್ತುಗಳನ್ನು ಬೆದರಿಸಿ, ಆಕೆಯನ್ನು ದಾಟಿ ಮುಂದೆ ಹೋದೆವು.

ಚಿತ್ತಾಪುರಕ್ಕೆ ಮುಂಚೆ ಒಂದು ಏರು. ಅರ್ಧ ಹತ್ತುವಷ್ಟರಲ್ಲಿ ಇಂಜಿನ್ನು ಬಡಿದುಕೊಂಡಿತು, ಹಿಂದಿನಿಂದ ನಾನೂ ಬಾಯಿ ಬಡಿದುಕೊಂಡೆ. ಮಾವ ಗೇರು ಮುಟ್ಟಲಿಲ್ಲ. ಗಾಡಿ ನಿಂತಿತು, ಎಷ್ಟು ಒದ್ದರೂ ಏಳಲಿಲ್ಲ. ಅಷ್ಟರಲ್ಲಿ ಬಂಡಿ ಬಂತು.

"ಬಂಡಿ ಹತ್ರಿ ವಕೀಲ ಸಾಹೇಬ್ರ, ಭಾಳ ಹೊತ್ತಾಗ್ಯಾದ," ಎಂದಳು ನೀಲಮ್ಮ. ಹೊಲ ಹೋದರೆ ಆಕೆ ಭಾವನ ಮನೆಯ ಸೆಗಣಿ ಬಳಿದು ಉಣ್ಣಬೇಕಿತ್ತು.

ಕರಿ ಕೋಟು ತೊಟ್ಟು, ಬಂಡಿಯಲ್ಲಿ ಹಾಸಿದ ಜೋಳದ ಕಣಿಕೆಯ ಮೇಲೆ ಕೂತು ಕೋರ್ಟಿಗೆ ಹೋಗುವುದುಂಟೇ? "ನೀ ನಡಿ, ನಾ ಬಂದೇ ಬಿಟ್ಟೆ. ನಾ ಬರೋತನ ಬಾಯಿ ತೆರೀಬ್ಯಾಡ," ಎಂದರು ಮಾವ. ಗಾಡಿ ತಳ್ಳಲು ಜನ ಬೇಕಿತ್ತಾದ್ದರಿಂದ ನಾನೂ ಹತ್ತುವ ಹಾಗಿರಲಿಲ್ಲ.

ಬೆವರಿಳಿಸಿಕೊಂಡು ನಾವು ಕೋರ್ಟು ಮುಟ್ಟಿದಾಗ ನೀಲಮ್ಮ ಮೆಟ್ಟಿಲಿಳಿದು ಬರುತ್ತಿದ್ದಳು.

"ಈಕಿ ವಕೀಲ್ರಿಲ್ಲ, ಮುಗಸ್ರಿ ಅಂದ್ರು ಆ ಕಡಿಯವ್ರು. ನಾನೇ ಎದ್ದು ನಿಂತೀನ್ರಿ. 'ಹೊಲ ನಾನೇ ಮಾಡೀನಿ ಅಂತಿ, ಬಾವಿ ಯಾವ ಕಡಿ ಅದ ಹೇಳು ಭಾವಾ' ಅಂತ ಕೇಳೀನಿ. ಮೂಡಣ ಕಡಿ ಅಂದ. ಆ ಹೊಲದಾಗ ಬಾವಿನೇ ಇಲ್ರಿ! ಅವನ ಸಾಕ್ಷಿದಾರ್ರೇ ನಕ್ಬಿಟ್ರು. ಜಡ್ಜ್ ಸಾಹೇಬ್ರು ದಾವಾ ಖಾರಿಜ್ ಅಂದ್ರು. ಹೊಲ ನನಗೇ ಉಳೀತು."

ಮಾವ ಕೋಟು ಕೊಡವಿಕೊಂಡರು. "ನಾ ಕಲಿಸಿದಂಗೇ ಕೇಳೀದಿ, ಹೌದಿಲ್ಲ?"

"ನೀವು ಕಲಿಸಿದ್ದು ಒಂದೇ ಮಾತ್ರಿ, ಬಾಯಿ ತೆರೀಬ್ಯಾಡ ಅಂತ. ಅದನ್ನ ಮೀರೀನ್ರಿ," ಎಂದು ಕೈಮುಗಿದು ಆಕೆ ಬಂಡಿ ಹತ್ತಿದಳು.

ಇಂಜಿನ್ನು ಅಷ್ಟರಲ್ಲಿ ತಣ್ಣಗಾಗಿತ್ತು. ಮರಳುವಾಗ ಹ್ಯಾಂಡಲ್ ನಾನು ಹಿಡಿದೆ. ಇನ್ನೊಂದು ಏರು ಬಂದಾಗ ಗೇರು ಇಳಿಸಿ ತುಸು ಹೆಚ್ಚು ಪೆಟ್ರೋಲು ಬಿಟ್ಟೆ. ಇಂಜಿನ್ನು ಹಗುರಾಗಿ ಹಾಡುತ್ತ ಹತ್ತಿತು. "ಭಾಳ ಒದರಾಕತ್ತದ, ಮರ್ಯಾದಿ ಹೋಗ್ತದ!" ಎಂದು ಮಾವ ಬೆನ್ನಿಗೆ ಗುದ್ದಿದರು. ತುದಿ ಮುಟ್ಟಿದ ಮೇಲೆ, "ನೋಡು, ನನ್ನ ಗಾಡಿ ಹೆಂಗ ಏರ್ತದ," ಎಂದರು.

ಆ ಮೇಲೆ ಮನೆಯ ಪ್ರತಿ ಸಮಾರಂಭದಲ್ಲೂ ವಿಧವೆಯ ಹೊಲವನ್ನು ಮಾವ ಗೆದ್ದುಕೊಟ್ಟ ಕಥೆ ಬೆಳೆಯುತ್ತ ಹೋಯಿತು. ಹೋಳಿಗೆ ಬಿಸಿಯಾಗಿರುತ್ತಿತ್ತು, ನಾನು ಸುಮ್ಮನೆ ಉಣ್ಣುತ್ತಿದ್ದೆ. ಇದನ್ನು ಬರೆಯುತ್ತಿರುವಾಗಲೇ ಮಾವನ ಮಗ ಫೋನು ಮಾಡಿದ. "ಅಣ್ಣಾ, ಅಪ್ಪನ ಮ್ಯಾಲ ಒಂದು ಸಣ್ಣ ಪುಸ್ತಕ ಮಾಡ್ಲಿಕತ್ತೀವಿ. ಆ ಹೊಲದ ಕಥಿ ನೀನೇ ಬರೀಬೇಕು."

"ಬರೀತೀನಿ. ಹೊಲ ಉಳಿಸಿದಾಕಿ ನೀಲಮ್ಮ."

ಆತ ಗಲಿಬಿಲಿಗೊಂಡ. "ಮತ್ತ ಅಪ್ಪ ಎಲ್ಲಿ ಬರ್ತಾರ?"

"ಕಡೀಕ ಬರ್ತಾರ," ಎಂದೆ. "ಗಾಡಿ ದಬ್ಬಕೋತ."