ಗೋಣಿ ದಬ್ಬಣದ ಹೊಲಿಗೆ

ಇದನ್ನು ಹೇಳಬೇಕೆಂದು ಮೂರು ಬೇಸಿಗೆಯಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿಸಲವೂ ಮುಂದೂಡಿದ್ದೇನೆ.

ನನ್ನದು ಹಳೆಯ ಲಾರಿ. ಅರ್ಧ ಎಂಜಿನ್ ಕ್ಯಾಬಿನ್ನಿನೊಳಗೇ ಇರುತ್ತದೆ. ಅದರ ಮೇಲಿನ ತಗಡಿನ ಮುಚ್ಚಳಕ್ಕೆ ನಾವು ಬಾನೆಟ್ ಅನ್ನುತ್ತೇವೆ. ಅದು ಎಡಗಾಲನ್ನು ಸುಡುತ್ತದೆ. ಬಿಸಿ ತಗ್ಗಲೆಂದು ಕ್ಯಾಬಿನ್ನಿನ ಟಾಪಿಗೆ ಸುಣ್ಣ ಬಳಿದೆ, ಬಾನೆಟ್ ಮೇಲೆ ಹಸಿ ಗೋಣಿ ಹಾಕಿದೆ, ಸಣ್ಣ ಫ್ಯಾನ್ ಕೂರಿಸಿದೆ. ಫ್ಯಾನು ಬಿಸಿಗಾಳಿಯನ್ನೇ ಮುಖಕ್ಕೆ ಬೀಸಿತು. ಒಂದು ಮಧ್ಯಾಹ್ನ ಹಿರೇಹಡಗಲಿ ದಾರಿಯಲ್ಲಿ ಕಣ್ಣು ಕತ್ತಲಿಟ್ಟಿತು. ಹೇಗೋ ಲಾರಿ ನಿಲ್ಲಿಸಿ ಸ್ಟೇರಿಂಗ್ ಮೇಲೆ ಬಿದ್ದೆ.

ಹಿಂದೆ ಬರುತ್ತಿದ್ದ ನಮ್ಮ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ನೀರು ಕುಡಿಸಿದ. ಮರುದಿನ ಕೊಟ್ಟೂರಿನ ಲಾರಿ ಸ್ಟ್ಯಾಂಡಿನಲ್ಲಿ, ಮೆಕ್ಕೆಜೋಳದ ವ್ಯಾಪಾರಿಯ ಎದುರು, ನಾನು ಬಿದ್ದದ್ದನ್ನು ಆಡಿ ತೋರಿಸಿದ.

"ಯಜಮಾನ್ರ, ಈ ಮುದುಕಗ ಮಾಲು ಕೊಡಬ್ಯಾಡ್ರಿ. ಹರಪನಹಳ್ಳಿಗೆ ಹೋದ ಮ್ಯಾಲೆ ಹಮಾಲರು ಮೊದ್ಲು ಚೀಲ ಇಳಸ್ಬೇಕೋ, ಇವನ್ನ ಇಳಸ್ಬೇಕೋ?"

ಎಲ್ಲರೂ ನಕ್ಕರು. ವರ್ಷಗಳಿಂದ ನನ್ನದಾಗಿದ್ದ ಬಾಡಿಗೆ ಅವನ ಪಾಲಾಯಿತು. ನೀರು ಕುಡಿಸಿದ್ದನ್ನು ಮರೆತೆ, ನಗುವನ್ನು ಮರೆಯಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವನು. ಬಸ್ ನಿಲ್ದಾಣದ ಹಿಂದೆ ಸೀಟು ಹೊಲಿಯುವ ಸಾಬರ ಹತ್ತಿರ ತನ್ನ ಲಾರಿ ಬಿಟ್ಟ. "ಗಾಳಿ ತರೋದು ಆಮ್ಯಾಲ, ಮೊದ್ಲು ಬಿಸಿ ತಡೀರಿ" ಎಂದು ಸಾಬರು ಬಾನೆಟ್ ಮೇಲೆ ಒತ್ತಿದ ಉಣ್ಣೆಯ, ಕಂಬಳಿಯಷ್ಟು ದಪ್ಪದ ಫೆಲ್ಟ್ ಎರಡು ಪದರ ಹಾಸಿ, ರೆಕ್ಸಿನ್ ಹೊದಿಸಿ ಹೊಲಿದುಕೊಟ್ಟರು.

"ಲೇ ಅಜ್ಜಾ, ಬಂದು ಕುಂದರು. ತಂಬ್ರಹಳ್ಳಿ ಹೊಳಿದಂಡಿ ಇದ್ದಂಗ ಐತಿ" ಎಂದ ಆ ಡ್ರೈವರ್ ನನಗೆ.

ಅವನು ಊಟಕ್ಕೆ ಹೋದಾಗ ಹೋಗಿ ಕುಳಿತೆ. ಹೊಲಿಗೆ ಬಿಚ್ಚಿ ಎರಡೂ ಪದರ ಎಳೆದುಕೊಂಡೆ. ಒಳಗೆ ಹಳೇ ಗೋಣಿ ತುರುಕಿ, ಸದಾ ನನ್ನ ಅಂಗಿ ಜೇಬಿನಲ್ಲಿರುವ ದಬ್ಬಣದಿಂದ, ಚೀಲ ಹೊಲಿದಂತೆ ಹೊಲಿದೆ. ಆ ಫೆಲ್ಟ್ ನನ್ನ ಬಾನೆಟ್ ಮೇಲೆ, ಹರಕು ಕಂಬಳಿಯ ಅಡಿಗೆ ಹೋಯಿತು. ಕೂಡ್ಲಿಗಿ ದಾರಿಯಲ್ಲಿ ಅವನು ಬೆವರುತ್ತ ಕಾಲು ಎತ್ತೆತ್ತಿ ಇಡುವುದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ನಿಜ ಹೇಳಿದರೆ, ನೆನೆದಾಗ ಈಗಲೂ ಆಗುತ್ತದೆ.

ವಾರದೊಳಗೆ ಅವನ ಕಾಲಿಗೆ ಬೊಬ್ಬೆ ಬಂತು. ಸಾಬರನ್ನು ಸ್ಟ್ಯಾಂಡಿಗೆ ಕರೆಸಿ, ರೆಕ್ಸಿನ್ ಕಿತ್ತು ತೋರಿಸಿದ. "ಫೆಲ್ಟ್ ಅಂತ ಹೇಳಿ ಗೋಣಿ ತುಂಬೀಯಲ್ಲೋ!"

ನಮ್ಮ ಸ್ಟ್ಯಾಂಡಿನಲ್ಲಿ ಇಂಥ ಜಗಳವನ್ನು ಮೈಲಾರದ ದೇವರ ಭಂಡಾರ ಮುಟ್ಟಿಸಿ, ಆಣೆ ಮಾಡಿಸಿ ತೀರಿಸುತ್ತಾರೆ. ಆ ಅರಿಶಿನದ ಚೀಲ, ಹಿರಿಯನೆಂದು, ನನ್ನ ಬಳಿ ಇರುತ್ತಿತ್ತು. ಚೀಲ ಹಿಡಿದವನಿಗೆ ಯಾರೂ ಮುಟ್ಟು ಅನ್ನುವುದಿಲ್ಲ. ಬಿಚ್ಚಿ ಸಾಬರ ಮುಂದೆ ಹಿಡಿದೆ.

ಅವರು ಮೊದಲು ರೆಕ್ಸಿನ್ನಿನ ಹೊಲಿಗೆ ನೋಡಿದರು. ಆಮೇಲೆ ನನ್ನ ಜೇಬಿನಿಂದ ಇಣುಕುತ್ತಿದ್ದ ದಬ್ಬಣ ನೋಡಿದರು.

"ನನ್ನ ಸೂಜಿ ಇಷ್ಟು ದಪ್ಪ ಇಲ್ರಿ" ಎಂದಷ್ಟೇ ಅಂದು ಭಂಡಾರ ಮುಟ್ಟಿದರು. "ನಾನು ಫೆಲ್ಟ್ ಹಾಕೀನಿ."

"ನೀ ಮುಟ್ಟಿದ್ರೇನ್ ಬಂತು? ನಿನಗಿದು ಬರೇ ಅರಿಷಿಣ" ಎಂದ ಡ್ರೈವರ್.

ಮಾತು ನನ್ನ ಬಾಯಿತನಕ ಬಂದಿತ್ತು. ಚೀಲದ ದಾರ ಬಿಗಿದು ಕಟ್ಟಿದೆ.

ಅಂದಿನಿಂದ ಲಾರಿಯವರು ಆ ಅಂಗಡಿಗೆ ಹೋಗಲಿಲ್ಲ. ಸಾಬರೀಗ ಸೈಕಲ್ ಸೀಟು, ಶಾಲೆಯ ಚೀಲ ಹೊಲಿಯುತ್ತಾರೆ. ಎದುರಾದರೆ ಅವರೇ ಮೊದಲು "ಆರಾಮದೀರೇನ್ರಿ ಅಣ್ಣಾರ?" ಅನ್ನುತ್ತಾರೆ. ಹೂಂ ಅಂದು ದಾಟಿಬಿಡುತ್ತೇನೆ.

ಆ ಡ್ರೈವರ್ ಮುಂದೆ ನಾನು ಇವತ್ತಿಗೂ ತಲೆ ತಗ್ಗಿಸುವವನಲ್ಲ. ತಪ್ಪಾಯಿತು ಎಂದು ಕೈ ಮುಗಿಯಬೇಕಾದದ್ದು, ಇನ್ನೂ ಮುಗಿಯದಿರುವುದು, ಬಸ್ ನಿಲ್ದಾಣದ ಹಿಂದಿನ ಸೀಟು ಹೊಲಿಯುವ ಸಾಬರಿಗೆ.