ಎರಡು ಸಾವಿರ ಜೋಡಿಗಳ ಬದ್ರುದ್ದೀನ್

ಹುಮನಾಬಾದಿನ ಖಾಸಗಿ ತಾಂತ್ರಿಕ ಶಾಲೆಯ ಬೀಗ ತೆರೆಯುವಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಬಂದ ಬದ್ರುದ್ದೀನ್, ಲ್ಯಾಬಿನ ಮೂಲೆಯಲ್ಲಿ ನಮಾಜು ಮುಗಿಸಿ ಮೇಜಿನ ಮುಂದೆ ಕೂರುತ್ತಾರೆ. ಎದುರಿಗೆ ಶಾಲೆಯ ಕಂಪ್ಯೂಟರು: ಊಟದ ತಟ್ಟೆಯಷ್ಟಗಲದ ಹಸಿರು ಹಲಗೆ, ಅದರ ಮೇಲೆ ಇಪ್ಪತ್ತೆಂಟು ಗುಂಡಿ. ಪಕ್ಕದಲ್ಲಿ ಪರದೆ, ಕೀಲಿಮಣೆ, ನಾಲ್ಕು ನೋಟುಬುಕ್ಕು. ನೋಟುಬುಕ್ಕುಗಳಲ್ಲಿರುವ ಎರಡು ಸಾವಿರ ಜೋಡಿ ಗುರುತುಗಳನ್ನು ಒಂದೊಂದಾಗಿ ಒತ್ತಬೇಕು. ದಿನಾ ಎಂಟಕ್ಕೆ ಕರೆಂಟು ಹೋಗುತ್ತದೆ. ಹೋದರೆ ಒತ್ತಿದ್ದೆಲ್ಲ ಅಳಿಸಿಹೋಗುತ್ತದೆ.

"ಹತ್ತೊಂಬತ್ತು ದಿನ ಆತ್ರಿ ಹಿಂಗ ಒತ್ತಾಕತ್ತಿ. ಈಗ ನೋಡಲಾರ್ದನ ಬೆರಳು ಹೋಗ್ತಾವ," ಎನ್ನುತ್ತಾರೆ, ತಲೆ ಎತ್ತದೆ.

ಹುದ್ದೆ ಅಟೆಂಡರ್, ಅದೂ ಐದು ವರ್ಷದಿಂದ ಹಂಗಾಮಿ. ಮಾಡುತ್ತಿರುವುದು ಮಾತ್ರ ದೊಡ್ಡ ಊರಿನ ಎಂಜಿನಿಯರುಗಳ ಕೆಲಸ. ಯಂತ್ರಕ್ಕೆ ತನ್ನ ಸಂಖ್ಯೆ ಬಿಟ್ಟರೆ ಬೇರೇನೂ ತಿಳಿಯದು. ಹುಡುಗರು ಕಲಿಯುವುದು ಬೇಸಿಕ್ ಎಂಬ ಭಾಷೆ. ಅವರು ಬರೆದ ಒಂದೊಂದು ಸಾಲನ್ನೂ ಓದಿ ಯಂತ್ರದಿಂದ ಕೆಲಸ ಮಾಡಿಸಲು ನಡುವೆ ಒಬ್ಬ ದುಭಾಷಿ ಬೇಕು. ಬದ್ರುದ್ದೀನ್ ಕಟ್ಟುತ್ತಿರುವುದು ಆ ದುಭಾಷಿಯನ್ನು. ಅದಿಲ್ಲದೆ ಎರಡು ವರ್ಷದಿಂದ ಇಲ್ಲಿಯ ಹುಡುಗರು ಕಂಪ್ಯೂಟರನ್ನು ಕರಿಹಲಗೆಯ ಮೇಲೇ ಕಲಿತು, ಕಾಗದದ ಮೇಲೇ ಪಾಸಾಗಿದ್ದಾರೆ. ಈಜು ಕಲಿಸಿದ್ದೇವೆ, ಬಾವಿಯೊಂದನ್ನು ತೋರಿಸಿಲ್ಲ ಎಂಬಂತಿದೆ ಇದು.

ವಯಸ್ಸು ಐವತ್ತೆರಡು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಏಳನೆಯ ಜಮಾತು, ಅಲ್ಲಿಗೆ ಓದು ಮುಗಿಯಿತು. ಆಮೇಲೆ ಮೂವತ್ತು ವರ್ಷ ಕಲ್ಯಾಣದ ಕೋಟೆ ದಾರಿಯಲ್ಲಿ ರೇಡಿಯೊ ರಿಪೇರಿ. ಶಾಲೆಗೆ ಸೇರಿದ್ದು ಕೆಟ್ಟ ಫ್ಯಾನು ಸರಿಮಾಡಲು. ಕಳೆದ ವರ್ಷ, ಎಂಬತ್ತೈದರಲ್ಲಿ, ಉಪನ್ಯಾಸಕ ಏಕನಾಥ ಅವರು ಹೈದರಾಬಾದಿನಿಂದ ಒಂದು ಪತ್ರಿಕೆ ತಂದರು. ದುಭಾಷಿಯ ಮೂಲ ಬರಹ ಅದರಲ್ಲಿತ್ತು, ಆದರೆ ಇಂಗ್ಲಿಷ್ ಹುಕುಂಗಳ ರೂಪದಲ್ಲಿ. ಅವನ್ನು ಸಂಖ್ಯೆಗಿಳಿಸುವ ಸಾಧನ ಇಲ್ಲಿಲ್ಲ. ಬದ್ರುದ್ದೀನ್ ಯಾವ ಹುಕುಮಿಗೆ ಯಾವ ಸಂಖ್ಯೆ ಎಂಬ ಕೋಷ್ಟಕ ನೋಡಿ ನೋಡಿ, ಏಳು ತಿಂಗಳು ಕೂತು, ಕೈಯಿಂದಲೇ ಇಳಿಸಿದರು.

ಮೊದಲ ಮೂವತ್ತು ಪುಟ ಬರೆದವರು ಏಕನಾಥರೇ. ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ. ಈ ಯಂತ್ರಕ್ಕೆ ವಿಳಾಸ, ಅಂದರೆ ಅದರ ನೆನಪಿನೊಳಗಿನ ಜಾಗದ ಸಂಖ್ಯೆ, ಕೊಡುವಾಗ ಬಲಭಾಗವನ್ನು ಮೊದಲು ಕೊಡಬೇಕು. 2045 ಎಂದಿದ್ದರೆ ಮೊದಲು 45, ಆಮೇಲೆ 20. ಏಕನಾಥರಿಗೆ ಅದು ಗೊತ್ತಿತ್ತು, ಅವರ ಕೈಗೆ ಗೊತ್ತಿರಲಿಲ್ಲ. "ಕೊಡ್ರಿ ಸರ್, ನಾ ಬರೀತೀನಿ ಅಂದೆ. ನಾವು ಅಲಿಫ್ ಬೇ ಕಲ್ತವರು. ಬಲಗಡೆಯಿಂದ ಶುರು ಮಾಡೋದು ನಮಗೇನು ಹೊಸದಲ್ಲ," ಎಂದು ಬದ್ರುದ್ದೀನ್ ನಗುತ್ತಾರೆ.

ಕರೆಂಟು ಹೋದರೂ ಮರೆಯದ ಚಿಪ್ ಒಂದಿದೆ. ಅದರಲ್ಲಿ ಬರೆದರೆ ಬೆಳಗಿನ ಈ ಪಾಡು ತಪ್ಪುತ್ತದೆ. ಆದರೆ ಒಮ್ಮೆ ಬರೆದದ್ದನ್ನು ಅಳಿಸಲು ಬೇಕಾದ ನೇರಳಾತೀತ ಬೆಳಕಿನ ದೀಪ ಹುಮನಾಬಾದಿನಲ್ಲಿಲ್ಲ. ಶಾಲೆ ತರಿಸಿದ್ದು ಎರಡೇ ಚಿಪ್, ಮೊದಲನೆಯದು ಹಾಳಾಗಿದೆ.

"ನನ್ನದೇ ತಪ್ಪರಿ. ಪರದೆ ಮ್ಯಾಲೆ ಓಕೆ ಅಂತ ಬಂತು, ಖುಷಿಯಾಗಿ ಬರ್ದುಬಿಟ್ಟೆ. ಕಳೆಯೋ ಲೆಕ್ಕ ನೋಡೇ ಇರಲಿಲ್ಲ. ಏಳರಾಗ ಒಂಬತ್ತು ಕಳೆ ಅಂದ್ರ ಏನೇನೋ ಹೇಳ್ತದ."

ಆ ತಪ್ಪು ಹುಡುಕಿದ್ದು ಅವರ ಹೆಂಡತಿ ಅಸ್ಗರಿ. ಓಣಿಯ ಹೆಣ್ಣುಮಕ್ಕಳಿಗೆ ಕುರಾನ್ ಓದಲು ಕಲಿಸುವ ಆಕೆಗೆ ಇಂಗ್ಲಿಷ್ ಬಾರದು, ಆದರೆ ಒಂದು ಚುಕ್ಕೆ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಪತ್ರಿಕೆಯನ್ನೂ ನೋಟುಬುಕ್ಕನ್ನೂ ಪಕ್ಕಪಕ್ಕ ಇಟ್ಟು, ಅಕ್ಷರಗಳ ಆಕಾರ ಹೋಲಿಸುತ್ತ ಹನ್ನೊಂದು ದಿನ ಕೂತರು. "ಈ ಹುಕುಂ ಮೊದಲನೇ ಬುಕ್ಕಿನ್ಯಾಗೂ ಅದ. ಅಲ್ಲಿ ಒಂದು ಬರ್ದೀರಿ, ಇಲ್ಲಿ ಇನ್ನೊಂದು ಯಾಕ ಬರ್ದೀರಿ?" ಎಂದು ಕೇಳಿದಾಗ ಗಂಡ ಕೋಷ್ಟಕ ತೆಗೆದು ನೋಡಿ, ಆ ಜೋಡಿಯನ್ನು ತಿದ್ದಿದರು.

ಇಂದು ಕೊನೆಯ ಚಿಪ್. ಇದೂ ಕೆಟ್ಟರೆ ಹಲಗೆ ಕಪಾಟು ಸೇರಲಿ ಎಂದು ಪ್ರಾಂಶುಪಾಲರು ಖಡಾಖಂಡಿತವಾಗಿ ಹೇಳಿದ್ದಾರೆ.

ಏಳು ಇಪ್ಪತ್ತೈದಕ್ಕೆ ಕೊನೆಯ ಜೋಡಿ ಮುಗಿಯುತ್ತದೆ. ಕೂಡಿಸುವುದು ಸರಿ. ಗುಣಿಸುವುದು ಸರಿ. ಏಳರಲ್ಲಿ ಒಂಬತ್ತು ಕಳೆ ಎಂದರೆ ಪರದೆಯ ಮೇಲೆ ಮೈನಸ್ ಎರಡು ಮೂಡುತ್ತದೆ. ಅಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತ ಏಕನಾಥರು, "ಬರೀರಿ ಇನ್ನ, ಹೊತ್ತಾಗಾಕತ್ತದ," ಎಂದು ಅವಸರಿಸುತ್ತಾರೆ. ಬದ್ರುದ್ದೀನ್ ಜಗ್ಗುವುದಿಲ್ಲ. ಅಸ್ಗರಿ ಚೀಟಿಯಲ್ಲಿ ಬರೆದುಕೊಟ್ಟ ಇಪ್ಪತ್ತು ಲೆಕ್ಕಗಳನ್ನೂ ಮಾಡಿಸಿ, ಒಂದೊಂದಕ್ಕೂ ಗುರುತು ಹಾಕುತ್ತಾರೆ. ಎಂಟಕ್ಕೆ ಆರು ನಿಮಿಷವಿದ್ದಾಗ ಚಿಪ್ ಕೂರಿಸಿ ಗುಂಡಿ ಒತ್ತುತ್ತಾರೆ. ಬರೆಯಲು ಎರಡು ನಿಮಿಷ. ಅಷ್ಟೂ ಹೊತ್ತು ಇಬ್ಬರೂ ತಲೆಯ ಮೇಲಿನ ಬಲ್ಬು ನೋಡುತ್ತ ನಿಲ್ಲುತ್ತಾರೆ. ಬಲ್ಬು ಉರಿಯುತ್ತಲೇ ಇರುತ್ತದೆ.

ಹನ್ನೊಂದಕ್ಕೆ ತರಗತಿ. ಮುಡಬಿ, ಕೊಡಂಬಲದ ಕಡೆಯ ಹುಡುಗರು ಮೇಜಿನ ಸುತ್ತ ಮುಗಿಬಿದ್ದಿದ್ದಾರೆ. ಒಬ್ಬ ಮಗ್ಗಿ ಬರೆಯುವ ನಾಲ್ಕು ಸಾಲು ಕೊಡುತ್ತಾನೆ. ಹದಿನೇಳರ ಮಗ್ಗಿ ಪರದೆಯ ಮೇಲೆ ಸರಸರ ಇಳಿಯುತ್ತದೆ. ಅರ್ಧಕ್ಕೇ ಕರೆಂಟು ಹೋಗುತ್ತದೆ.

ಹುಡುಗರ ಮುಖ ಬಾಡುತ್ತದೆ. ಎಲ್ಲರ ಕಣ್ಣೂ ಬದ್ರುದ್ದೀನರ ಮೇಲೆ. ಅವರು ನಾಲ್ಕು ನೋಟುಬುಕ್ಕನ್ನೂ ದಾರದಿಂದ ಕಟ್ಟಿ ಕಪಾಟಿನಲ್ಲಿಡುತ್ತಾರೆ, ಸ್ಟೂಲು ಎಳೆದು ಕೂರುತ್ತಾರೆ.

"ನಿಮ್ಮ ನಾಲ್ಕು ಸಾಲು ಮತ್ತ ಬರೀಬೇಕಾಗ್ತದ, ತಯಾರ ಇರ್ರಿ," ಎನ್ನುತ್ತಾರೆ. "ನಂದು ಈಗ ಎಲ್ಲೂ ಹೋಗಂಗಿಲ್ಲ."